ಬೀಗಿತ್ತಿಯ ದೊಡ್ಡ ಉಶಾಕ್

ಫೆಬ್ರುವರಿ ಹನ್ನೊಂದರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಕುಲ್ಸೂನ್ ಅಪಾ ಬೀನ್ಸ್ ಕಾಳು ಆರಿಸುವ ಕೊಟ್ಟಿಗೆಯಲ್ಲಿ ನಿಂತು, ಹಿಂದಿನ ದಿನ ಬಂದ ಚೀಲವೊಂದರೊಳಗೆ ಬಲಗೈಯನ್ನು ಮೊಣಕೈವರೆಗೆ ಇಳಿಸಿದ್ದರು. ಎಡಗೈಯಲ್ಲಿ ಫೋನು. ಅತ್ತ ಕಡೆಯಿಂದ ಮಾತಾಡುತ್ತಿದ್ದವಳು ಮಗಳು ಬೆರ್ಮೆತ್.

"ಗಂಡು ಮಗು, ಅಮ್ಮಾ. ಇಬ್ಬರೂ ಚೆನ್ನಾಗಿದ್ದೀವಿ."

"ಹಾಲಿದೆಯಾ?"

"ಇದೆ."

"ಕಿವಿ ಯಾರದ್ದು?"

"ಅವರದ್ದೇ. ಸ್ವಲ್ಪ ದೊಡ್ಡದು."

"ಇರಲಿ, ಕೂದಲು ಬೆಳೆದರೆ ಮುಚ್ಚುತ್ತೆ."

"ತೊಟ್ಟಿಲಿಗೆ ಹಾಕೋಕೆ ನೀನು ಬರಬೇಕು. ಅತ್ತೆನೂ ಬರ್ತಾರೆ. ಇಬ್ಬರೂ ಜೊತೆಗೆ ಬನ್ನಿ."

"ಬರ್ತೀನಿ" ಎಂದು ಫೋನನ್ನು ಜೇಬಿಗೆ ಹಾಕಿ, ಚೀಲದ ತಳದಿಂದ ಒಂದು ಹಿಡಿ ಕಾಳು ತೆಗೆದು ಮೂಸಿ, "ತಳ ಒದ್ದೆ. ಇದನ್ನ ವಾಪಸ್ ಕಳಿಸಿ" ಎಂದರು. ಅವರು ಅಜ್ಜಿಯಾದ ಸುದ್ದಿ ಕೊಟ್ಟಿಗೆಯ ಹೆಂಗಸರಿಗೆ ಗೊತ್ತಾದದ್ದು ಆ ಚೀಲ ಗಾಡಿ ಹತ್ತಿದ ಮೇಲೆ.

ಬೆರ್ಮೆತ್ ಇರುವುದು ಚಿಲಿ ದೇಶದಲ್ಲಿ. ಅವಳ ಗಂಡ ದೌರೆನ್ ಅಲ್ಲಿನ ತಾಮ್ರದ ಗಣಿಯಲ್ಲಿ ಎಂಜಿನಿಯರು. ಕಿರ್ಗಿಜರ ನಾಡಿನ ನಮ್ಮ ತಲಾಸ್ ಕಣಿವೆಗೆ ಒಂದು ಸೂಜಿ ಚುಚ್ಚಿ ಭೂಮಿಯ ನಡುವಿನಿಂದ ಆಚೆಗೆ ತಳ್ಳಿದರೆ ಅದು ಸಮುದ್ರದಲ್ಲಿ ಹೊರಬರುತ್ತದೆ. ಆ ಸಮುದ್ರದ ಪೂರ್ವದ ದಡವೇ ಚಿಲಿ. ಇದನ್ನು ನಾನು ಶಾಲೆಯಿಂದ ತಂದ ಭೂಗೋಳದ ಮೇಲೆ ತೋರಿಸಿದಾಗ ಕುಲ್ಸೂನ್ ಅಪಾ, "ಇದಕ್ಕಿಂತ ದೂರ ಇಲ್ಲ ಅಂತಾಯ್ತು. ಇನ್ನು ಎಲ್ಲಿಗೆ ಹೋದರೂ ಹತ್ತಿರಕ್ಕೇ ಬರಬೇಕು" ಎಂದು ಸಮಾಧಾನಪಟ್ಟುಕೊಂಡರು.

ನಾನು ಅವರ ಪಕ್ಕದ ಮನೆಯವನು. ಬೀದಿಯವರೆಲ್ಲ ಹಿರಿಯಕ್ಕ ಎಂಬ ಅರ್ಥದಲ್ಲಿ ಅವರನ್ನು ಅಪಾ ಎನ್ನುತ್ತೇವೆ. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮನೆಯಲ್ಲಿ ಕಂಪ್ಯೂಟರ್ ಇರುವುದರಿಂದ ಬೀದಿಯವರ ಟಿಕೆಟು, ಅರ್ಜಿ, ಹವಾಮಾನ ಎಲ್ಲವೂ ನನ್ನ ಪಾಲಿಗೆ ಬರುತ್ತವೆ.

ಮಗು ಹುಟ್ಟಿ ನಲವತ್ತು ದಿನವಾಗುವ ಮೊದಲು ಅದನ್ನು ತೊಟ್ಟಿಲಿಗೆ ಹಾಕಬೇಕು. ತೊಟ್ಟಿಲು ತರುವುದು ತಾಯಿಯ ತಾಯಿ. ಕುಲ್ಸೂನ್ ಅಪಾ ಅದನ್ನು ಮಗಳು ಬಸುರಿ ಎಂದು ತಿಳಿದ ವಾರವೇ ಮಾಡಿಸಿ, ಕಾಲು ಬಿಚ್ಚಿ, ಕಂಬಳಿಯಲ್ಲಿ ಸುತ್ತಿಟ್ಟಿದ್ದರು. ತೊಟ್ಟಿಲಿನ ಕಾಲು ಸಿದ್ಧವಿತ್ತು. ತೊಂದರೆ ಇದ್ದದ್ದು ಅವರ ಸ್ವಂತ ಕಾಲಿನದು.

ಅರವತ್ತಾರು ವರ್ಷದ ಈ ಹೆಂಗಸು ಕೂತದ್ದನ್ನು ನೋಡಿದವರು ಕಡಿಮೆ. ಕಾಳು ಆರಿಸುವ ಹೆಂಗಸರು ಉದ್ದ ಮೇಜಿನ ಎರಡೂ ಕಡೆ ಕೂತಿದ್ದರೆ, ಅವರ ಮುಖ್ಯಸ್ಥೆಯಾದ ಕುಲ್ಸೂನ್ ಅಪಾ ನಿಂತೇ ಇರುತ್ತಿದ್ದರು. ನಾಲ್ಕು ವರ್ಷದ ಹಿಂದೆ ಓಶ್ ಊರಿಗೆ ಮದುವೆಗೆ ಹೊರಟಾಗ ಕಣಿವೆ ದಾರಿಯಲ್ಲಿ ಹಿಮ ಬಿದ್ದು ಬಸ್ಸು ಹಗಲೂ ರಾತ್ರಿ ಸಿಕ್ಕಿಕೊಂಡಿತ್ತು. ಇಳಿದಾಗ ಎಡಗಾಲು ಕಂಬದಂತೆ ಊದಿತ್ತು. ರಕ್ತ ಹೆಪ್ಪುಗಟ್ಟಿದೆ, ಅದು ಎದೆಗೆ ಹೋಗಿದ್ದರೆ ಅಷ್ಟೇ ಎಂದು ವೈದ್ಯರು ಹೇಳಿದ್ದರು. ಈಗ ಅದೇ ವೈದ್ಯರು ಹೇಳಿದ್ದು: "ಹೋಗಬಹುದು. ಆದರೆ ಗಂಟೆಗೊಮ್ಮೆ ಎದ್ದು ನಿಂತು ಓಡಾಡಬೇಕು. ಅದಕ್ಕೆ ಜಾಗ ಇರೋ ವಿಮಾನ ನೋಡಿಕೊಳ್ಳಿ. ಕೂತೇ ಹೋದರೆ ನಾನು ಜವಾಬ್ದಾರನಲ್ಲ."

ಹೀಗಾಗಿ ಅವರಿಗೆ ಆಕಾಶದ ಭಯವಿರಲಿಲ್ಲ. ಕುರ್ಚಿಯ ಭಯವಿತ್ತು.

ನಾನು ಮೂರು ವಿಮಾನ ಕಂಪನಿಗಳನ್ನು ಗೊತ್ತುಮಾಡಿದೆ. ಮೂರೂ ಗಡಿಯಾಚೆಯ ಅಲ್ಮಾತಿಯಿಂದ ಹೊರಡುತ್ತವೆ, ಮೂರರಲ್ಲೂ ದಾರಿಯಲ್ಲಿ ಬದಲಾಯಿಸಬೇಕು, ಮೂರರಲ್ಲೂ ಸಮುದ್ರ ದಾಟುವ ನಡುವಿನ ಹಾರಾಟ ದೊಡ್ಡದು. ಹೆಸರುಗಳು ಅಪಾ ಅವರ ನಾಲಿಗೆಗೆ ಒಗ್ಗಲಿಲ್ಲ. ಚಿತ್ರ ನೋಡಿ ಕೆಂಪು ಬಾಲ, ಹಸಿರು ಬಾಲ, ನೀಲಿ ಬಾಲ ಎಂದು ಹೆಸರಿಟ್ಟುಕೊಂಡರು. ಮೇಜಿನ ತುದಿಯಲ್ಲಿ ಕಾಳು ಆರಿಸುತ್ತಿದ್ದ ಝೈನಾ ಸುಮ್ಮನಿರಲಿಲ್ಲ.

"ಕುದುರೆ ಕೊಳ್ಳೋವಾಗ ಹಲ್ಲು ನೋಡ್ತಾರೆ ಅಪಾ. ನೀವು ಬಾಲ ನೋಡ್ತಾ ಇದ್ದೀರಿ."

"ಹಲ್ಲು ತೋರಿಸೋಳು ನೀನೊಬ್ಬಳೇ. ಕೈ ಆಡಿಸು."

ಸುರಕ್ಷತೆಯ ಅಂಕಿಗಳನ್ನು ನಾನು ಓದಿ ಹೇಳಿದೆ. ಮೂರರ ನಡುವಿನ ವ್ಯತ್ಯಾಸ ಎಷ್ಟು ಚಿಕ್ಕದೆಂದರೆ, ಇಲ್ಲಿಂದ ಅಲ್ಮಾತಿಗೆ ಕಾರಿನಲ್ಲಿ ಹೋಗುವುದೇ ಹೆಚ್ಚು ಅಪಾಯ ಎಂದೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

"ಮೇಷ್ಟ್ರೇ, ಇದೆಲ್ಲ ಚೀಲದ ಮೇಲಿನ ಹಿಡಿ. ಮೇಲಿನ ಹಿಡಿ ಎಲ್ಲರೂ ಚೆನ್ನಾಗೇ ಇಟ್ಟಿರ್ತಾರೆ. ಒಳಗೆ ನಿಂತುಕೊಳ್ಳೋಕೆ ಜಾಗ ಇದೆಯಾ, ಅದನ್ನ ಹೇಳಿ."

ಕುರ್ಚಿಗೂ ಕುರ್ಚಿಗೂ ನಡುವೆ ಎಷ್ಟು ಅಂಗುಲ ಎಂದು ಕಂಪ್ಯೂಟರ್ ಹೇಳುತ್ತಿತ್ತು. ಅರವತ್ತಾರರ ಹೆಂಗಸೊಬ್ಬಳು ಎಲ್ಲಿ ನಿಂತರೆ ಯಾರೂ ಗದರುವುದಿಲ್ಲ ಎಂದು ಹೇಳುತ್ತಿರಲಿಲ್ಲ. ಆದ್ದರಿಂದ ಅಪಾ ತಮ್ಮ ಕ್ರಮದಲ್ಲೇ ವಿಚಾರಣೆಗೆ ಇಳಿದರು. ಚೀಲದಲ್ಲಿ ಮೇಲೆ, ನಡುವೆ, ತಳದಲ್ಲಿ ಒಂದೊಂದು ಹಿಡಿ ತೆಗೆಯುವ ಹಾಗೆ, ಪ್ರತಿ ವಿಮಾನದಲ್ಲೂ ಕೂತು ಬಂದವರನ್ನು ಹುಡುಕಿದರು.

ಕೆಂಪು ಬಾಲದಲ್ಲಿ ಹಜ್‌ಗೆ ಹೋಗಿಬಂದ ಮುದುಕರೊಬ್ಬರು ಸಿಕ್ಕರು. "ನಾನೇನೂ ನೋಡಲಿಲ್ಲಮ್ಮ. ಹತ್ತಿದಾಗಿನಿಂದ ಇಳಿಯೋವರೆಗೂ ಪ್ರಾರ್ಥನೆಯಲ್ಲೇ ಇದ್ದೆ" ಎಂದರು. ಅಷ್ಟೊಂದು ಪ್ರಾರ್ಥನೆ ಬೇಡುವ ವಿಮಾನ ತಮಗೆ ಬೇಡವೆಂದು ಅಪಾ ತೀರ್ಮಾನಿಸಿದರು. ಹಸಿರು ಬಾಲದಲ್ಲಿ ಕುಸ್ತಿ ಕಲಿಸುವವನೊಬ್ಬ ಹೋಗಿಬಂದಿದ್ದ. ಊಟ ಎರಡು ಸಲ ಕೊಟ್ಟರು, ಮಾಂಸ ಮೆತ್ತಗಿತ್ತು ಎಂದ. ಕಾಲು ಎಲ್ಲಿಟ್ಟಿದ್ದೆ ಎಂದು ಕೇಳಿದರೆ, "ಪಕ್ಕದಲ್ಲಿ ಶಿಷ್ಯ ಇದ್ದ, ಅವನ ಮೇಲೆ" ಎಂದ.

ಉಳಿದದ್ದು ನೀಲಿ ಬಾಲ. ಅದರಲ್ಲಿ ಹೋಗಿಬಂದವರು ನಮಗೆ ಗೊತ್ತಿದ್ದಂತೆ ಒಬ್ಬರೇ, ದೌರೆನ್‌ನ ತಾಯಿ ಶಮ್ಶಿಯಾ. ಕುಲ್ಸೂನ್ ಅಪಾ ಅವರ ಬೀಗಿತ್ತಿ.

ಶಮ್ಶಿಯಾ ಗಡಿಯಾಚೆ ತರಾಜ್ ಊರಿನವರು, ಕಜಾಕರು. ನಾವು ಕಿರ್ಗಿಜರು. ಅವರು ಅವರ ಭಾಷೆ ಆಡುತ್ತಾರೆ, ನಾವು ನಮ್ಮದು, ನೂರಕ್ಕೆ ತೊಂಬತ್ತು ಪಾಲು ಪರಸ್ಪರ ತಿಳಿಯುತ್ತದೆ. ಉಳಿದ ಹತ್ತರಲ್ಲೇ ತಕರಾರು. ಶಮ್ಶಿಯಾ ಮೂವತ್ತೈದು ವರ್ಷ ಕಜಾಕ್ ಭಾಷೆಯ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ನಿವೃತ್ತಿಯ ದಿನದಿಂದ ಬಾಯಿಗೆ ಒಂದು ರಷ್ಯನ್ ಪದವೂ ಬರಬಾರದೆಂದು ವ್ರತ ಹಿಡಿದಿದ್ದರು. ವಿಮಾನಕ್ಕೆ ಗಡಿಯ ಎರಡೂ ಕಡೆ ಮುದುಕರು ಮಕ್ಕಳೆಲ್ಲ ರಷ್ಯನ್ನರ ಸಮಲ್ಯೋತ್ ಎಂಬ ಮಾತನ್ನೇ ಬಳಸುತ್ತಾರೆ. ಶಮ್ಶಿಯಾ ಮಾತ್ರ ಅಚ್ಚ ಕಜಾಕ್ ಪದ ಬಳಸುತ್ತಿದ್ದರು. ಆ ಪದ ಉಶಾಕ್.

ನಮ್ಮ ಕಿರ್ಗಿಜ್ ಭಾಷೆಯಲ್ಲಿ ಉಶಾಕ್ ಎಂದರೆ ಚಾಡಿ, ಇನ್ನೊಬ್ಬರ ಮನೆಯ ಮಾತು.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಬಿಡುತ್ತಿದ್ದರು. ಕುಲ್ಸೂನ್ ಅಪಾ ಅವರ ಕೊಟ್ಟಿಗೆಯಲ್ಲಿ ಆ ಒಂದನ್ನು ಬಿಟ್ಟು ಎಲ್ಲಕ್ಕೂ ಕ್ಷಮೆ ಇತ್ತು. ಹಿಂದೊಮ್ಮೆ ಆ ಮೇಜಿನ ಮೇಲೆ ಹುಟ್ಟಿದ ಮಾತೊಂದರಿಂದ ಒಬ್ಬಳ ನಿಶ್ಚಿತಾರ್ಥ ಮುರಿದುಬಿದ್ದಿತ್ತು. ಮಾತು ಸುಳ್ಳೆಂದು ತಿಳಿಯುವಷ್ಟರಲ್ಲಿ ಹುಡುಗ ಬೇರೆಯವಳನ್ನು ಮದುವೆಯಾಗಿದ್ದ. ಅಪಾ ಆ ಮಾತು ಆಡಿದವರಲ್ಲ, ಆದರೂ ತಾವೇ ಹುಡುಗಿಯ ಮನೆಗೆ ಹೋಗಿ ತಲೆ ತಗ್ಗಿಸಿ ಬಂದಿದ್ದರು. ಅಂದಿನಿಂದ ಉಶಾಕ್ ಶುರುಮಾಡಿದವಳಿಗೆ ದಿನವಿಡೀ ಒಡೆದ ಕಾಳಿನ ಗುಡ್ಡೆ ಆರಿಸುವ ಶಿಕ್ಷೆ. ಝೈನಾ ಆ ಗುಡ್ಡೆಯಲ್ಲಿ ಪಳಗಿದವಳು.

ಫೋನು ಮಾಡಿದ ದಿನ ಜರಡಿ ಯಂತ್ರ ಗಡಗಡ ಎನ್ನುತ್ತಿತ್ತು. ಅಪಾ ಒಂದು ಕಿವಿ ಮುಚ್ಚಿಕೊಂಡು, ಮೊದಲು ಬೀಗಿತ್ತಿಯ ಆರೋಗ್ಯ, ಮನೆಯವರ ಆರೋಗ್ಯ, ದನಕರುಗಳ ಆರೋಗ್ಯ ಕೇಳಿ, ಆಮೇಲೆ ವಿಷಯಕ್ಕೆ ಬಂದರು.

"ಹೋದ ವರ್ಷ ನೀವು ಮಗನ ಮನೆಗೆ ಹೋಗಿದ್ದಿರಲ್ಲ ಕುದಾಗಿ, ದಾರಿ ಹೇಗಿತ್ತು?" ನಮ್ಮಲ್ಲಿ ಬೀಗಿತ್ತಿಯರು ಒಬ್ಬರನ್ನೊಬ್ಬರು ಕುದಾಗಿ ಎಂದೇ ಕರೆಯುವುದು.

"ಉಶಾಕ್ ಇದ್ದದ್ದಕ್ಕೆ ದಾರಿ ಸವೀತು. ಹದಿಮೂರು ಗಂಟೆ ಅದರಲ್ಲೇ ಇದ್ದೆ."

"ಹದಿಮೂರು ಗಂಟೆ?"

"ಹೂಂ. ಬಹಳ ದೊಡ್ಡ ಉಶಾಕ್. ಒಟ್ಟು ಮುನ್ನೂರು ಜನ ಇದ್ವಿ."

"ಎಲ್ಲರೂ ಸೇರಿನಾ?"

"ಮತ್ತೆ? ಹೆಂಗಸರು, ಗಂಡಸರು, ಮಕ್ಕಳು. ನಿಮ್ಮ ಬೆರ್ಮೆತ್‌ಗೂ ಅದರ ವಿಷಯ ಚೆನ್ನಾಗಿ ಗೊತ್ತು. ಅವಳೇ ಆರಿಸಿಕೊಟ್ಟಿದ್ದು."

"ನನ್ನ ಮಗಳಾ?"

"ಬಹಳ ಜಾಣೆ. ಒಂದು ಮಾತು ನೆನಪಿರಲಿ ಕುದಾಗಿ. ಉಶಾಕ್ ಅಂದ್ರೆ ಹಿಂದುಗಡೆಯೇ ಚೆನ್ನ. ಮುಂದೆ ಬೇಡ. ಹಿಂದೆ ಆದ್ರೆ ಎಷ್ಟು ಹೊತ್ತು ನಿಂತರೂ ಯಾರೂ ಕೇಳಲ್ಲ. ನಾವಿಬ್ಬರೂ ಹಿಂದುಗಡೆಯೇ ಸೇರಿಕೊಳ್ಳೋಣ."

"ನನಗೆ ಅಭ್ಯಾಸ ಇಲ್ಲ."

"ಮೊದಲನೇ ಸಲ ಎಲ್ಲರಿಗೂ ಹಾಗೇ. ಸ್ವಲ್ಪ ಹೊಟ್ಟೆ ತೊಳಸುತ್ತೆ. ಆಮೇಲೆ ಅದೇ ಹಿತ ಅನ್ಸುತ್ತೆ."

ಕುಲ್ಸೂನ್ ಅಪಾ, "ನಿಮ್ಮ ಉಶಾಕ್ ನನಗೆ ಬೇಡ ಕುದಾಗಿ. ನನ್ನ ಜನ್ಮದಲ್ಲಿ ಅದಕ್ಕೆ ಕಾಲಿಟ್ಟಿಲ್ಲ, ಇನ್ನು ಇಡೋದೂ ಇಲ್ಲ" ಎಂದು ಫೋನು ಇಟ್ಟರು.

ಈ ಸಂಭಾಷಣೆ ನನಗೆ ತಿಳಿದದ್ದು ಎಷ್ಟೋ ದಿನಗಳ ನಂತರ. ಆಗ ಅವರು ಯಾರಿಗೂ ಹೇಳಲಿಲ್ಲ. ಬೀಗಿತ್ತಿ ಚಾಡಿಕೋರಳು ಎಂದು ಹೇಳುವುದೂ ಚಾಡಿಯೇ ಅಲ್ಲವೇ? ಆ ಸಂಜೆ ನಮ್ಮ ಬಾಗಿಲಿಗೆ ಬಂದು ಇಷ್ಟೇ ಹೇಳಿದರು: "ಮೇಷ್ಟ್ರೇ, ಹಸಿರು ಬಾಲದಲ್ಲಿ ಒಂದು ಸೀಟು ತೆಗೀರಿ."

"ಒಂದೇನಾ? ಬೀಗಿತ್ತಿ?"

"ಅವರ ದಾರಿ ಅವರಿಗೆ."

"ಅದರಲ್ಲಿ ಈಗ ನಡುವಿನ ಸೀಟು ಮಾತ್ರ ಇದೆ ಅಪಾ. ಎರಡೂ ಕಡೆ ಜನ. ಏಳೋದು ಕಷ್ಟ. ನಿಮ್ಮ ಕಾಲು..."

"ಕೂತ್ಕೊಂಡೇ ಹೋಗ್ತೀನಿ."

ಇಷ್ಟು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ನನಗೆ ನಿಜವಾಗಿ ಹೆದರಿಕೆಯಾಯಿತು. ಶನಿವಾರದವರೆಗೆ ಯೋಚನೆ ಮಾಡಿ ಎಂದು ಬೇಡಿಕೊಂಡೆ. ಅವರು ಯೋಚನೆ ಮಾಡುವ ಹೆಂಗಸಲ್ಲ, ಆದರೆ ಮೇಷ್ಟ್ರ ಮಾತಿಗೆ ಬೆಲೆ ಕೊಡುವವರು. ಸರಿ ಎಂದರು.

ಅತ್ತ ತರಾಜ್‌ನಲ್ಲಿ ಶಮ್ಶಿಯಾಗೆ ಅರ್ಥವಾದದ್ದು ಬೇರೆ. ಬೀಗಿತ್ತಿ ವಿಮಾನಕ್ಕೆ ಕಾಲಿಡುವುದಿಲ್ಲವಂತೆ, ಎಂದರೆ ಹೆದರಿಬಿಟ್ಟಿದ್ದಾಳೆ, ಎಂದರೆ ತೊಟ್ಟಿಲಿಗೆ ಬರುವುದಿಲ್ಲ. ಅವರು ತಡಮಾಡಲಿಲ್ಲ. ಶನಿವಾರ ಬೆಳಿಗ್ಗೆ ವ್ಯಾನು ಹತ್ತಿ, ಗಡಿ ದಾಟಿ, ಒಂದು ಡಬ್ಬಿ ಮಿಠಾಯಿ ಹಿಡಿದು ನಮ್ಮ ಬೀದಿಗೆ ಬಂದಿಳಿದರು.

ಅಪಾ ನನ್ನನ್ನು ಕರೆಸಿದರು. "ನೀವೂ ಬನ್ನಿ ಮೇಷ್ಟ್ರೇ. ಒಬ್ಬಳೇ ಇದ್ದರೆ ಬಾಯಿ ತಪ್ಪೀತು."

ಬೀಗಿತ್ತಿಗೆ ಸಲ್ಲಬೇಕಾದದ್ದೆಲ್ಲ ಸಂದಿತು. ಬಾಗಿಲಿಗೆ ದೂರವಾದ ಮೇಲಿನ ಜಾಗದಲ್ಲಿ ಮೂರು ಹಾಸಿಗೆ ಮಡಿಸಿ ಕೂರಿಸಿದರು. ನೆಲಕ್ಕೆ ಬಟ್ಟೆ ಹಾಸಿ, ಹಿಟ್ಟಿನ ತುಂಡು ಕರಿದ ಬೊರ್ಸೋಕ್, ಕೆನೆ, ಜಾಮು ಎಲ್ಲ ಹರಡಿದರು. ಆಮೇಲೆ ಅಪಾ ಚಹಾ ಬಗ್ಗಿಸಿ ಬಟ್ಟಲನ್ನು ಮುಂದಿಟ್ಟರು. ಅಂಚಿನವರೆಗೂ ತುಂಬಿತ್ತು.

ನಾನು ನೆಲ ನೋಡಿದೆ. ನಮ್ಮಲ್ಲಿಯೂ ಅವರಲ್ಲಿಯೂ ಅತಿಥಿಗೆ ಅರ್ಧ ಬಟ್ಟಲೇ ಕೊಡುವುದು. ಖಾಲಿಯಾಗಬೇಕು, ಮತ್ತೆ ಕೇಳಬೇಕು, ಮತ್ತೆ ಹಾಕಬೇಕು, ಮಾತು ಬೆಳೆಯಬೇಕು. ತುಂಬಿದ ಬಟ್ಟಲಿಗೆ ಒಂದೇ ಅರ್ಥ: ಕುಡಿದು ಹೊರಡು.

ಶಮ್ಶಿಯಾ ಬಟ್ಟಲನ್ನು ನೋಡಿದರು. ತಲೆಯ ಶಾಲು ಸರಿಮಾಡಿಕೊಂಡರು.

"ಗಡಿಯಲ್ಲಿ ಎರಡು ಗಂಟೆ ನಿಂತು ಬಂದೆ ಕುದಾಗಿ."

"ಕಾಲಿಗೆ ಒಳ್ಳೇದು."

"ನಿಮಗೆ ಭಯ ಅಂತ ಗೊತ್ತಾಯ್ತು. ಅದರಲ್ಲಿ ನಾಚಿಕೆ ಏನಿಲ್ಲ."

"ಭಯ ಅಲ್ಲ. ಅಸಹ್ಯ."

"ಉಶಾಕ್ ಅಂದ್ರೆ ಅಸಹ್ಯನಾ?"

"ನಮ್ಮ ಮನೆಯಲ್ಲಿ ಹಾಗೇ."

"ಹಾಗಾದ್ರೆ ಚಿಲಿಗೆ ಹೇಗೆ ಹೋಗ್ತೀರಿ?"

"ಬಾಯಿ ಮುಚ್ಕೊಂಡು."

ಶಮ್ಶಿಯಾ ನನ್ನ ಕಡೆ ನೋಡಿದರು. ಆ ಪದ ಕಿವಿಗೆ ಬಿದ್ದಾಗಲೇ ನನಗೆ ಏನೋ ಹೊಳೆಯತೊಡಗಿತ್ತು, ಆದರೆ ಇಬ್ಬರು ಬೀಗಿತ್ತಿಯರ ನಡುವೆ ಬಾಯಿ ಹಾಕುವುದಕ್ಕೆ ಸಂದು ಸಿಗಬೇಕಲ್ಲ.

"ನಾನು ಆಗಲೇ ದುಡ್ಡು ಕಟ್ಟಿದೀನಿ" ಎಂದರು ಶಮ್ಶಿಯಾ. "ಇಬ್ಬರಿಗೂ."

"ಅದಕ್ಕೆ ದುಡ್ಡು ಬೇರೆ ಕೊಡ್ತೀರಾ ನಿಮ್ಮೂರಲ್ಲಿ?"

"ಪುಕ್ಕಟೆ ಯಾರು ಕೊಡ್ತಾರೆ?"

"ನಮ್ಮಲ್ಲಿ ಪುಕ್ಕಟೆನೇ. ಬೇಕಾದಷ್ಟು."

ಶಮ್ಶಿಯಾ ಚೀಲಕ್ಕೆ ಕೈಹಾಕಿ ಒಂದು ಕಾಗದ ತೆಗೆದು, ಬೊರ್ಸೋಕ್‌ಗಳನ್ನು ಪಕ್ಕಕ್ಕೆ ತಳ್ಳಿ, ಬಟ್ಟೆಯ ಮೇಲೆ ಹರಡಿದರು. ತರಗತಿಯಲ್ಲಿ ನಕಾಶೆ ಬಿಚ್ಚುವವರ ಕೈ. "ಇದರಲ್ಲಿ ಅಸಹ್ಯ ಏನು ಕಂಡಿತು, ತೋರಿಸಿ."

ಕಾಗದದಲ್ಲಿ ನೀಲಿ ಬಾಲದ ವಿಮಾನದ ಚಿತ್ರವಿತ್ತು.

"ಇದೇನು?" ಎಂದರು ಅಪಾ.

"ಉಶಾಕ್."

"ಇದು ಸಮಲ್ಯೋತ್."

"ರಷ್ಯನ್ನರಿಗೆ."

ಕುಲ್ಸೂನ್ ಅಪಾ ಚಿತ್ರವನ್ನು ಬಾಲದಿಂದ ಮೂತಿಯವರೆಗೆ, ಮೂತಿಯಿಂದ ಬಾಲದವರೆಗೆ ನೋಡಿದರು.

"ಹದಿಮೂರು ಗಂಟೆ ಇದರಲ್ಲಿ ಇದ್ದಿರಾ?"

"ಮತ್ತೆ ಯಾವುದರಲ್ಲಿ?"

"ಮುನ್ನೂರು ಜನ ಇದರೊಳಗೆ?"

"ಹೌದು."

"ಹಿಂದುಗಡೆ ಚೆನ್ನಾಗಿರೋದು ಇದು?"

"ಅವತ್ತಿಂದ ಅದನ್ನೇ ಅಲ್ವಾ ಹೇಳ್ತಿರೋದು? ಹಿಂದುಗಡೆ ಶೌಚಾಲಯದ ಪಕ್ಕ ನಿಂತುಕೊಳ್ಳೋಕೆ ಜಾಗ ಇದೆ. ನಿಮ್ಮ ಕಾಲಿಗೆ ಅಂತಲೇ ಕಟ್ಟಕಡೆಯ ಸಾಲು ಹಿಡಿದಿದೀನಿ."

ಅಪಾ ಕೈ ಚಾಚಿ ಬೀಗಿತ್ತಿಯ ಮುಂದಿದ್ದ ತುಂಬಿದ ಬಟ್ಟಲನ್ನು ತೆಗೆದುಕೊಂಡು, ಬದಿಯ ಪಾತ್ರೆಗೆ ಚೆಲ್ಲಿ, ಹೊಸದಾಗಿ ಹಾಲು ಹಾಕಿ, ಅರ್ಧ ಬಟ್ಟಲು ಚಹಾ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ನಿಮ್ಮ ಕಡೆ ಉಶಾಕ್ ಅಂದ್ರೆ ಏನು?" ಎಂದು ಶಮ್ಶಿಯಾ ಕೇಳಿದರು.

ಅಪಾ ಚಹಾ ಕುದಿಸುವ ಸಮೋವಾರಿನ ಕೆಂಡ ನೋಡತೊಡಗಿದರು. ಹೇಳುವ ಕೆಲಸ ನನಗೆ ಬಿತ್ತು. ಹೇಳಿದೆ. ಶಮ್ಶಿಯಾ ಮೊದಲು ಭಾಷೆಯ ಶಿಕ್ಷಕಿಯಾಗಿ ಕೇಳಿಸಿಕೊಂಡರು. ಪದದ ಮೂಲ ಯಾವುದಿರಬಹುದೆಂದು ಹುಬ್ಬು ಗಂಟಿಕ್ಕಿದರು. ಆಮೇಲೆ ಫೋನಿನಲ್ಲಿ ತಾವು ಆಡಿದ ಮಾತುಗಳು ಒಂದೊಂದೇ ನೆನಪಾದವೆಂದು ಕಾಣುತ್ತದೆ. ಕೆನ್ನೆ ಕೆಂಪಾಗುತ್ತ ಹೋಯಿತು.

"ಮಕ್ಕಳೂ ಇದ್ದರು ಅಂದಿದ್ದೆ."

"ಅಂದಿದ್ರಿ."

"ಹೊಟ್ಟೆ ತೊಳಸುತ್ತೆ ಅಂದಿದ್ದೆ."

"ತೊಳಸಿತು" ಎಂದರು ಕುಲ್ಸೂನ್ ಅಪಾ. "ಮೂರು ದಿನ."

ಶಮ್ಶಿಯಾಗೆ ನಗು ಮೊದಲು ಬಂದದ್ದು ಭುಜಕ್ಕೆ. ಆಮೇಲೆ ಕೈಯಲ್ಲಿದ್ದ ಚಹಾ ಶಾಲಿನ ಮೇಲೆ ಚೆಲ್ಲಿತು. ಅಪಾ ಶಾಲು ಒರೆಸಲು ಹೋಗಿ ತಾವೂ ನಕ್ಕು ಅಲ್ಲೇ ಕೂತುಬಿಟ್ಟರು. ಅವರು ಕೂತದ್ದನ್ನು ನಾನು ಗಮನಿಸಿದೆ. ಸಂಜೆಯವರೆಗೂ ಆ ಅರ್ಧ ಬಟ್ಟಲು ಎಷ್ಟು ಸಲ ತುಂಬಿತೋ ಲೆಕ್ಕವಿಲ್ಲ. ಮಿಠಾಯಿಯ ಡಬ್ಬಿ ನನ್ನ ಪಾಲಾಯಿತು.

ಮಾರ್ಚ್ ಮೊದಲ ವಾರ ಇಬ್ಬರೂ ನೀಲಿ ಬಾಲದಲ್ಲಿ ಹೊರಟರು. ಪ್ರಯಾಣದ ಕಥೆಯನ್ನು ನಾನು ಇಬ್ಬರಿಂದಲೂ ಬೇರೆಬೇರೆಯಾಗಿ ಕೇಳಿದ್ದೇನೆ. ಯಾರು ಗೊರಕೆ ಹೊಡೆದರು ಎಂಬ ಒಂದನ್ನು ಬಿಟ್ಟು ಉಳಿದದ್ದೆಲ್ಲ ತಾಳೆಯಾಗುತ್ತದೆ.

ಕಟ್ಟಕಡೆಯ ಸಾಲು. ಹಿಂದೆ ನಿಜವಾಗಿಯೂ ಇಬ್ಬರು ನಿಲ್ಲುವಷ್ಟು ಜಾಗ. ಶಮ್ಶಿಯಾ ಕೈಗಡಿಯಾರ ಬಿಚ್ಚಿ ಮುಂದಿನ ಕುರ್ಚಿಯ ಜೇಬಿಗೆ ಸಿಕ್ಕಿಸಿದ್ದರು. ಗಂಟೆಯಾಗುತ್ತಲೇ ಶಾಲೆಯ ಗಂಟೆ ಹೊಡೆದ ಹಾಗೆ, "ಏಳಿ ಕುದಾಗಿ." ಅಪಾ ಎದ್ದು, ಹಿಂದೆ ಹೋಗಿ, ನಿಂತು, ಅತ್ತಿಂದಿತ್ತ ಅಡ್ಡಾಡಿ ಬರುತ್ತಿದ್ದರು. ಗಗನಸಖಿಯರಿಗೆ ಕೊಟ್ಟಿಗೆಯ ಅಭ್ಯಾಸದಂತೆ, ಬಟ್ಟಲು ಜೋಡಿಸುವುದು ಹೀಗಲ್ಲ, ಹೀಗೆ ಎಂದು ಕೈಸನ್ನೆಯಲ್ಲಿ ತೋರಿಸಿಕೊಟ್ಟರಂತೆ. ಅವರು ನೀರು ಕೊಟ್ಟು ಕೂರಿಸಿದರಂತೆ.

ಸಮುದ್ರದ ಮೇಲೆ ಅರ್ಧ ದಾರಿ ಕಳೆದ ಮೇಲೆ ವಿಮಾನ ಕುಲುಕತೊಡಗಿತು. ಎಲ್ಲರೂ ಕೂತು ಪಟ್ಟಿ ಬಿಗಿದುಕೊಳ್ಳಬೇಕೆಂದು ದೀಪ ಹತ್ತಿತು. ಒಂದು ಗಂಟೆಯಾಯಿತು, ದೀಪ ಆರಲಿಲ್ಲ. ಅಪಾ ಏಳಲು ನೋಡಿದರು. ಗಗನಸಖಿ ತನ್ನ ಕುರ್ಚಿಯಿಂದಲೇ ಕೈ ಅಡ್ಡ ಮಾಡಿದಳು. ಇನ್ನೂ ಅರ್ಧ ಗಂಟೆ ಕಳೆಯಿತು. ಎಡಗಾಲು ಭಾರವಾಗತೊಡಗಿತು. ಅಪಾ ಕಂಬಳಿಯ ಅಂಚನ್ನು ಬೆರಳಿನಿಂದ ಮಡಿಸುತ್ತ, ಬಿಚ್ಚುತ್ತ ಕೂತಿದ್ದರು.

ಶಮ್ಶಿಯಾ ಬಗ್ಗಿ ಅವರ ಬೂಟು ಕಳಚಿದರು. ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ರಕ್ತ ಓಡಾಡಲೆಂದು ಪಾದವನ್ನು ಮೇಲಕ್ಕೂ ಕೆಳಕ್ಕೂ ಬಾಗಿಸತೊಡಗಿದರು. ಬೀಗಿತ್ತಿಯ ಮುಂದೆ ಕಾಲು ಚಾಚುವುದೇ ನಮ್ಮಲ್ಲಿ ತಪ್ಪು. ಅವಳ ತೊಡೆಯ ಮೇಲೆ ಕಾಲಿಡುವುದನ್ನು ಕೇಳಿದವರೇ ಇಲ್ಲ.

"ಬಿಡಿ ಕುದಾಗಿ. ಯಾರಾದರೂ ನೋಡ್ತಾರೆ."

"ನೋಡಲಿ. ಮುನ್ನೂರು ಜನರಲ್ಲಿ ನಮ್ಮ ಕಡೆಯವರು ಒಬ್ಬರೂ ಇಲ್ಲ. ಉಶಾಕ್ ಮಾಡೋರು ಯಾರು?"

ಆ ಸಲ ಅವರು ಪದವನ್ನು ನಮ್ಮ ಅರ್ಥದಲ್ಲೇ ಬಳಸಿದ್ದರು.

ದೀಪ ಆರುವವರೆಗೂ ಶಮ್ಶಿಯಾ ಕೈ ನಿಲ್ಲಿಸಲಿಲ್ಲ. ಹೊತ್ತು ಹೋಗಲೆಂದು ಇಬ್ಬರೂ ಮಾತಿಗಿಳಿದರು. ತರಾಜ್‌ನಲ್ಲಿ ಯಾರ ಸೊಸೆ ಯಾರನ್ನು ಬೈದಳು, ನಮ್ಮ ಬೀದಿಯಲ್ಲಿ ಯಾರ ಮನೆ ಹಸುವಿಗೆ ಯಾರು ಕಣ್ಣು ಹಾಕಿದ್ದಾರೆ, ಝೈನಾಳ ಮೈದುನ ರಾತ್ರಿ ಎಲ್ಲಿಗೆ ಹೋಗುತ್ತಾನೆ. ಆ ಮಾತುಗಳನ್ನು ಕೊಟ್ಟಿಗೆಯಲ್ಲಿ ಆಡಿದ್ದರೆ ಅಪಾ ಜೀವಮಾನವಿಡೀ ಒಡೆದ ಕಾಳು ಆರಿಸಬೇಕಾಗುತ್ತಿತ್ತು. ಇದನ್ನು ಅವರೇ ನನ್ನ ಹತ್ತಿರ ಒಪ್ಪಿಕೊಂಡರು. "ನೆಲದ ಮೇಲೆ ಆಡಿದ್ದಲ್ಲವಲ್ಲ ಮೇಷ್ಟ್ರೇ" ಎಂದೂ ಸೇರಿಸಿದರು.

ಚಿಲಿಯಲ್ಲಿ ಇಳಿದಾಗ ದೌರೆನ್ ಗಾಲಿಕುರ್ಚಿ ತರಿಸಿ ಕಾಯುತ್ತಿದ್ದ. ಅಪಾ ತೊಟ್ಟಿಲಿನ ಗಂಟನ್ನು ಅದರಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ನಡೆದುಕೊಂಡು ಹೊರಬಂದರು. ಮನೆ ತಲುಪಿದ ಮೇಲೆ ಬೆರ್ಮೆತ್ ಅಳತೆ ಪಟ್ಟಿ ತಂದು ತಾಯಿಯ ಎರಡೂ ಕಾಲುಗಳ ಸುತ್ತಳತೆ ನೋಡಿದಳು. ಎರಡೂ ಸಮವಿದ್ದವು. ಆಗ ಅವಳು ಅಡಿಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ.

ಅಪಾ ಕೈ ತೊಳೆದುಕೊಂಡು, ಒರೆಸಿ, ಬೆಚ್ಚಗೆ ಮಾಡಿಕೊಂಡು, ಮಗುವನ್ನು ಎರಡೂ ಅಂಗೈ ಮೇಲೆ ತೆಗೆದುಕೊಂಡರು. ಕಿವಿ ನೋಡಿದರು. ಕಣ್ಣು ಮುಚ್ಚಿ, ಕಾಳಿನ ಚೀಲ ತೂಗುವ ಹಾಗೆ ಮಗುವನ್ನು ಒಮ್ಮೆ ಮೇಲಕ್ಕೆತ್ತಿ ಇಳಿಸಿದರು.

"ಹೇಗಿದ್ದಾನೆ ಕುದಾಗಿ?" ಎಂದರು ಪಕ್ಕದಲ್ಲಿ ಕಾಯುತ್ತಿದ್ದ ಶಮ್ಶಿಯಾ.

"ಬಟ್ಟೆಯ ತೂಕ ಕಳೆದು" ಎಂದರು ಕುಲ್ಸೂನ್ ಅಪಾ, "ನಾಲ್ಕು ಕಿಲೋ ಇನ್ನೂರು."